ಫಲಕವಿಲ್ಲದ ಗೇಟು

ಗುಂಡ್ಲುಪೇಟೆಯಿಂದ ಊಟಿ ಕಡೆಗೋ ವಯನಾಡಿನ ಕಡೆಗೋ ಹೊರಟ ಲಾರಿಯವರಿಗೆ ಕಾಯುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಬಂಡೀಪುರದ ಕಾಡಿನ ರಸ್ತೆಗೆ 2009ರಲ್ಲಿ ರಾತ್ರಿ ಸಂಚಾರದ ನಿರ್ಬಂಧ ಬಂದ ಮೇಲೆ, ರಾತ್ರಿ 9ಕ್ಕೆ ಮುಚ್ಚಿದ ಗೇಟು ತೆರೆಯುವುದು ಬೆಳಿಗ್ಗೆ 6ಕ್ಕೇ. ಹತ್ತು ನಿಮಿಷ ತಡವಾಗಿ ಬಂದ ಚಾಲಕ ಗೊಣಗುತ್ತಾನೆ, ಆಮೇಲೆ ಟೀ ಕುಡಿದು ಸೀಟಿನಲ್ಲೇ ಮಲಗುತ್ತಾನೆ. ಗೇಟು ತೆರೆಯುವ ಗಂಟೆ ಅವನಿಗೆ ಗೊತ್ತು. ಆದ್ದರಿಂದ ನಿದ್ದೆ ಬರುತ್ತದೆ.

ಇದೇ ಜಿಲ್ಲೆಯಲ್ಲಿ ಇನ್ನೊಂದು ಬಗೆಯ ಕಾಯುವಿಕೆಯೂ ಇದೆ. ಮೈಸೂರಿನಿಂದ ನಂಜನಗೂಡಿನ ಮೇಲೆ ಬರುವ ರೈಲುಹಳಿ ಚಾಮರಾಜನಗರಕ್ಕೆ ಮುಗಿಯುತ್ತದೆ. ಅದು ಸತ್ಯಮಂಗಲದ ಕಾಡು ದಾಟಿ ಮೆಟ್ಟುಪಾಳ್ಯಂಗೆ ಹೋಗಬೇಕೆಂಬ ಬೇಡಿಕೆ ಅಜ್ಜಂದಿರ ಕಾಲದ್ದು. ಮೀಟರ್‌ಗೇಜ್ ಹೋಗಿ ಬ್ರಾಡ್‌ಗೇಜ್ ಬಂತು, 1997ರಲ್ಲಿ ಊರೇ ಜಿಲ್ಲಾ ಕೇಂದ್ರವಾಯಿತು, ಹಳಿ ಮಾತ್ರ ಮುಂದೆ ಹೋಗಲಿಲ್ಲ. ಅದನ್ನು ನಂಬಿ ಕೊಯಮತ್ತೂರಿಗೆ ಹೋಗುವ ಕೆಲಸವನ್ನು ಯಾರೂ ಮುಂದೂಡಲಿಲ್ಲ. ಬಸ್ಸು ಹತ್ತಿದರು.

ತಾನು ಕಾಯುತ್ತಿರುವುದು ಗೇಟಿಗೋ ಹಳಿಗೋ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು. ಗುಂಡ್ಲುಪೇಟೆ ಕಡೆಯ ಒಬ್ಬ ಹುಡುಗನಿಗೆ ಈ ಪಾಠ ಆದದ್ದು ಕಂಪ್ಯೂಟರ್ ಮುಂದೆ.

ಹುಡುಗ ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದ. ತೆರಕಣಾಂಬಿಯ ಮೇಲೆ ದಿನವೂ ಬಸ್ಸಿನಲ್ಲಿ ಚಾಮರಾಜನಗರಕ್ಕೆ ಹೋಗಿ ಬರುತ್ತಿದ್ದ. ಅವನ ನೆಂಟರ ಹುಡುಗಿಯೊಬ್ಬಳು ಅಲ್ಲಿಯೇ ಪಿಯುಸಿ ವಿಜ್ಞಾನ ಓದುತ್ತಿದ್ದಳು. ಅವಳಿಗೆ ಕಿವಿ ಕೇಳಿಸದು. ಮೇಷ್ಟರು ಕಪ್ಪುಹಲಗೆಯ ಕಡೆ ತಿರುಗಿದರೆ ತುಟಿಯನ್ನು ಓದುವುದೂ ಆಗದು. ಮೇಷ್ಟರ ಮಾತು ಅಕ್ಷರವಾಗಿ ಅವಳ ಮುಂದಿನ ಫೋನಿನಲ್ಲಿ ಮೂಡುವಂತೆ ಮಾಡುವುದೇ ಹುಡುಗ ಆರಿಸಿಕೊಂಡ ಪ್ರಾಜೆಕ್ಟ್.

ಮಾತನ್ನು ಗುರುತಿಸುವ ದೊಡ್ಡ ಕೆಲಸವನ್ನು ಹುಡುಗನ ಮನೆಯ ಕಂಪ್ಯೂಟರ್ ಮಾಡಲಾರದಾಗಿತ್ತು. ಅದಕ್ಕೆ 'ಕ್ಲೌಡ್' ಬೇಕಿತ್ತು. ಹೆಸರು ಮೋಡವಾದರೂ ಅದು ಆಕಾಶದಲ್ಲಿಲ್ಲ; ಯಾವುದೋ ನಗರದಲ್ಲಿ ಸಾಲಾಗಿ ಜೋಡಿಸಿಟ್ಟ ಕಂಪನಿಯೊಂದರ ಯಂತ್ರಗಳು ಅಷ್ಟೇ. ಆ ಯಂತ್ರಗಳ ಜೊತೆ ವ್ಯವಹರಿಸಲು ಕಂಪನಿ ಕೊಡುವ ಸಲಕರಣೆ ಪೆಟ್ಟಿಗೆಗೆ 'ಎಸ್‌ಡಿಕೆ' ಎಂದು ಹೆಸರು. ಪ್ರೋಗ್ರಾಂ ಬರೆಯುವ ಒಂದೊಂದು ಭಾಷೆಗೂ ಒಂದೊಂದು ಪೆಟ್ಟಿಗೆ ಇರುತ್ತದೆ. ಹುಡುಗನಿಗೆ ಬರುತ್ತಿದ್ದ ಭಾಷೆ ಪೈಥಾನ್. ಆ ಪೆಟ್ಟಿಗೆಯಲ್ಲಿ ಬೇಕಾದದ್ದೊಂದು ಬಿಟ್ಟು ಉಳಿದದ್ದೆಲ್ಲ ಇತ್ತು. ಇಲ್ಲದಿದ್ದದ್ದು 'ಸ್ಟ್ರೀಮಿಂಗ್'.

ಸ್ಟ್ರೀಮಿಂಗ್ ಎಂದರೇನು? ಕ್ರಿಕೆಟ್ ಪಂದ್ಯದ ಸುದ್ದಿ ಮರುದಿನದ ಪತ್ರಿಕೆಯಲ್ಲಿ ಬರುವುದಕ್ಕೂ ರೇಡಿಯೋ ವೀಕ್ಷಕ ವಿವರಣೆಗೂ ಇರುವ ವ್ಯತ್ಯಾಸವನ್ನು ನೆನೆಸಿಕೊಳ್ಳಿ. ಪೆಟ್ಟಿಗೆಯಲ್ಲಿದ್ದದ್ದು ಪತ್ರಿಕೆಯ ವಿಧಾನ. ಪಾಠವನ್ನು ಪೂರ್ತಿ ಧ್ವನಿಮುದ್ರಿಸಿ ಕಳಿಸಿದರೆ, ಆಮೇಲೆ ಪೂರ್ತಿ ಬರಹ ಬರುತ್ತದೆ. ಮಾತು ಹೋಗುತ್ತಿರುವಾಗಲೇ ಅಕ್ಷರ ಬರುತ್ತಿರಬೇಕೆಂದರೆ ರೇಡಿಯೋ ವಿಧಾನ ಬೇಕು. ಕಂಪನಿಯ ಯಂತ್ರಕ್ಕೆ ಅದು ಗೊತ್ತಿತ್ತು. ಬೇರೆ ಭಾಷೆಯ ಪೆಟ್ಟಿಗೆಯಲ್ಲಿ ಅದರ ಕೀಲಿಯೂ ಇತ್ತು. ಪೈಥಾನಿನದರಲ್ಲಿ ಇರಲಿಲ್ಲ.

ಇಂಥದ್ದು ಅವನೊಬ್ಬನ ಪಾಡಲ್ಲ. ಅಮೆಜಾನ್ ಕಂಪನಿ 2018ರ ನವೆಂಬರ್‌ನಲ್ಲಿ ಮಾತನ್ನು ಆಗಿಂದಾಗಲೇ ಅಕ್ಷರವಾಗಿಸುವ ಸೇವೆ ತೆರೆದಾಗ ಜಾವಾ ಭಾಷೆಯ ಪೆಟ್ಟಿಗೆಗೆ ಆ ಸೌಲಭ್ಯ ಸಿಕ್ಕಿತು. ಪೈಥಾನಿನವರು ಬಳಸುವ 'ಬೋಟೊ3' ಎಂಬ ಮುಖ್ಯ ಪೆಟ್ಟಿಗೆಗೆ ಸಿಗಲಿಲ್ಲ. 2020ರಲ್ಲಿ ಅದಕ್ಕೆಂದೇ ಬೇರೊಂದು ಪುಟ್ಟ ಪೆಟ್ಟಿಗೆಯನ್ನು ಪ್ರಾಯೋಗಿಕವಾಗಿ ಬಿಟ್ಟರು. ಇದಕ್ಕೆ ಕಾರಣ ಅಡಿಪಾಯದಲ್ಲಿತ್ತು. ಕಂಪ್ಯೂಟರ್‌ಗಳು ಅಂತರಜಾಲದಲ್ಲಿ ಮಾತಾಡಿಕೊಳ್ಳುವ ಎಚ್‌ಟಿಟಿಪಿ 1.1 ಎಂಬ ನಿಯಮ ಪ್ರಕಟವಾದದ್ದು 1997ರಲ್ಲಿ, ಅಂದರೆ ಚಾಮರಾಜನಗರ ಜಿಲ್ಲೆಯಾದ ವರ್ಷವೇ. ಅದರ ಪದ್ಧತಿ ತರಗತಿಯಂಥದ್ದು: ಒಬ್ಬರು ಕೇಳಿ ಮುಗಿಸಬೇಕು, ಇನ್ನೊಬ್ಬರು ಆಮೇಲೆ ಉತ್ತರ ಹೇಳಬೇಕು. ಒಂದೇ ದಾರಿಯಲ್ಲಿ ಎರಡೂ ಕಡೆಯಿಂದ ಏಕಕಾಲಕ್ಕೆ ಮಾತು ಸಾಗಲು ಅನುಕೂಲ ಮಾಡಿದ್ದು 2015ರ ಎಚ್‌ಟಿಟಿಪಿ 2. ಹಳೆಯ ನಿಯಮದ ಮೇಲೆ ಕಟ್ಟಿದ ಪೆಟ್ಟಿಗೆಗೆ ಹೊಸ ಅಡಿಪಾಯ ಹಾಕುವುದು, ಸಂಸಾರ ವಾಸವಿರುವಾಗಲೇ ಮನೆಯ ಅಡಿಗಲ್ಲು ಬದಲಿಸಿದಂತೆ. ಬೇಗ ಆಗುವ ಕೆಲಸವಲ್ಲ.

ಹುಡುಗ ಎರಡು ತಿಂಗಳು ಕಾದ. ದಿನವೂ ಬೆಳಿಗ್ಗೆ ಪೆಟ್ಟಿಗೆಯ ಹೊಸ ಆವೃತ್ತಿ ಬಂದಿದೆಯೇ ಎಂದು ನೋಡುವುದೇ ಕೆಲಸವಾಯಿತು. ಆವೃತ್ತಿಗಳು ಬರುತ್ತಿದ್ದವು, ಬೇಕಾದದ್ದು ಬರಲಿಲ್ಲ. 'ಪರಿಶೀಲನೆಯಲ್ಲಿದೆ' ಎಂಬುದೊಂದೇ ಉತ್ತರ.

ತಂದೆ ಬೇಸಾಯಗಾರರು. ಬಣ್ಣದ ಕಾರ್ಖಾನೆಗೆ ಒಪ್ಪಂದದ ಮೇಲೆ ಚೆಂಡುಹೂ ಬೆಳೆಯುವವರು. ಒಂದು ಸಂಜೆ ಕೇಳಿದರು:

"ಯಾವಾಗ ಕೊಡ್ತಾರಂತಪ್ಪ ಅವರು?"

"ತಾರೀಖು ಹೇಳಿಲ್ಲಪ್ಪ."

"ತಾರೀಖು ಹೇಳ್ದೆ ಇರೋರನ್ನ ನಂಬ್ಕಂಡು ಸಸಿ ನೆಡಕ್ಕಾಯ್ತದಾ? ಆ ಮಗೀಗೆ ಪರೀಕ್ಷೆ ಯಾವಾಗ ಅಂತಾದ್ರೂ ಗೊತ್ತಾ ನಿಂಗೆ?"

ಪರೀಕ್ಷೆಯ ತಾರೀಖು ಗೊತ್ತಿತ್ತು. ತಾನು ಕಾಯುತ್ತಿರುವುದು ಗೇಟಿಗಲ್ಲ, ಹಳಿಗೆ ಎಂಬುದು ಹುಡುಗನಿಗೆ ಅಂದು ಹೊಳೆಯಿತು.

ಅವನು ಕಂಡುಕೊಂಡ ಉಪಾಯ ಸರಳವಾದದ್ದು. ಪಾಠವನ್ನು 5 ಸೆಕೆಂಡಿನ ತುಂಡುಗಳನ್ನಾಗಿ ಮಾಡಿ ಒಂದೊಂದನ್ನೇ ಕಳಿಸಿದರಾಯಿತು. ಸೆಕೆಂಡಿಗೆ 16,000 ಬಾರಿ ಧ್ವನಿಯನ್ನು ಅಳೆದು, ಒಂದೊಂದು ಅಳತೆಗೆ 2 ಬೈಟ್ ಇಟ್ಟರೆ, 5 ಸೆಕೆಂಡಿಗೆ 1,60,000 ಬೈಟ್. ಸಾಧಾರಣ ಮೊಬೈಲ್ ಸಂಪರ್ಕಕ್ಕೂ ಇದು ಭಾರವಲ್ಲ. ಆದರೆ ಮೇಷ್ಟರು ಸೆಕೆಂಡ್ ಎಣಿಸಿಕೊಂಡು ಮಾತಾಡುವುದಿಲ್ಲವಲ್ಲ! 'ಗುರುತ್ವಾ' ಒಂದು ತುಂಡಿಗೆ, 'ಕರ್ಷಣೆ' ಇನ್ನೊಂದು ತುಂಡಿಗೆ ಹೋಗಿ, ಎರಡೂ ಕಡೆ ಅರ್ಥವಿಲ್ಲದ ಅಕ್ಷರಗಳು ಬಂದವು. ಆಗ ಪ್ರತಿ ತುಂಡಿನ ಕೊನೆಯ 1 ಸೆಕೆಂಡನ್ನು ಮುಂದಿನ ತುಂಡಿನ ತಲೆಗೂ ಸೇರಿಸಿದ, ಹೆಂಚಿನ ಮೇಲೆ ಹೆಂಚು ಹೊದಿಸಿದಂತೆ. ಎರಡು ಬಾರಿ ಬಂದ ಪದವನ್ನು ಒಮ್ಮೆ ಅಳಿಸಿದ. ತುಂಡಿಗೆ 4 ಸೆಕೆಂಡಿನ ಹೊಸ ಮಾತು. 45 ನಿಮಿಷದ ಪಾಠಕ್ಕೆ 675 ತುಂಡುಗಳು. ತುಂಡನ್ನು ಇನ್ನೂ ಚಿಕ್ಕದು ಮಾಡಬಹುದಿತ್ತು. ಆದರೆ ಅಕ್ಕಪಕ್ಕದ ಪದಗಳು ಸಿಗದಿದ್ದರೆ ಯಂತ್ರ ಹೆಚ್ಚು ತಪ್ಪುತ್ತದೆ.

ಹುಡುಗಿ ಒಂದು ವಾರ ಬಳಸಿ, ಚೀಟಿಯಲ್ಲಿ ಹೀಗೆ ಬರೆದುಕೊಟ್ಟಳು: "ಪಾಠ ತಿಳಿಯುತ್ತದೆ. ಆದರೆ ಮೇಷ್ಟರು ತಮಾಷೆ ಮಾಡಿದಾಗ ನಾನು ನಗುವ ಹೊತ್ತಿಗೆ ಎಲ್ಲರೂ ಸುಮ್ಮನಾಗಿರುತ್ತಾರೆ."

ತುಂಡು ತುಂಬಲು 5 ಸೆಕೆಂಡು, ಹೋಗಿ ಬರಲು ಇನ್ನೊಂದೆರಡು. ಪುಸ್ತಕದ ಪಾಠಕ್ಕೆ ಅದು ಲೆಕ್ಕಕ್ಕಿಲ್ಲದ ಹೊತ್ತು. ತರಗತಿಯಲ್ಲಿ ಎಲ್ಲರ ಜೊತೆ ನಗಲು ಅದು ಬಹಳ ಹೊತ್ತು. ಬೇಕಾದ ಸೌಲಭ್ಯ ಯಾಕೆ ಬೇಕೆಂಬುದನ್ನು ಯಾವ ತಾಂತ್ರಿಕ ಪುಸ್ತಕವೂ ಇಷ್ಟು ಚೆನ್ನಾಗಿ ಹೇಳಿರಲಿಲ್ಲ. ಹುಡುಗ ಕಂಪನಿಗೆ ಮತ್ತೆ ಬರೆದ. ಈ ಸಲ 'ದಯವಿಟ್ಟು ಬೇಗ ಕೊಡಿ' ಎಂದಲ್ಲ. ಯಾವ ಆವೃತ್ತಿ, ಯಾವ ಸಾಲಿನಲ್ಲಿ ತಡೆ, ಎಷ್ಟು ಸೆಕೆಂಡು ತಡ, ಅದರಿಂದ ತರಗತಿಯಲ್ಲಿ ಏನಾಗುತ್ತದೆ ಎಂದು ಅರ್ಧ ಪುಟದಲ್ಲಿ.

ಕನ್ನಡದವರಿಗೆ ಈ ಕಥೆ ಹೊಸದೇನಲ್ಲ. ಲೋಕದ ಲಿಪಿಗಳಿಗೆಲ್ಲ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತು. ವಿಂಡೋಸ್ ಅದನ್ನು ತೋರಿಸತೊಡಗಿದ್ದು 2001ರ ಎಕ್ಸ್‌ಪಿಯಲ್ಲಿ. ನಡುವಿನ ಹತ್ತು ವರ್ಷ ಎಲ್ಲರೂ ಕೈಕಟ್ಟಿ ಕೂತಿದ್ದರೆ ಕಂಪ್ಯೂಟರಿನಲ್ಲಿ ಕನ್ನಡವೇ ಇರುತ್ತಿರಲಿಲ್ಲ. ಶೇಷಾದ್ರಿವಾಸು ಅವರ 'ಬರಹ' 1998ರಲ್ಲಿ ಬಂತು. ಆಮೇಲೆ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂತು. ಕಾಯುವ ಕಾಲದಲ್ಲಿ ಕನ್ನಡ ಬರೆಸಿದ್ದು ಇವೇ. ಆದರೆ ಒಂದು ಎಚ್ಚರವೂ ಇಲ್ಲಿದೆ. ಆ ಕಾಲದ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ರೂಪಗಳನ್ನು ಕೂರಿಸಿದ್ದರು. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಕಡತ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತಿತ್ತು. ಯೂನಿಕೋಡ್ ಬಳಕೆಗೆ ಬಂದ ಮೇಲೆ ಹಳೆಯ ಬರಹಗಳನ್ನೆಲ್ಲ ಪರಿವರ್ತಿಸುವ ಕೆಲಸ ವರ್ಷಗಟ್ಟಲೆ ನಡೆಯಿತು. ತಾತ್ಕಾಲಿಕ ಸೇತುವೆಯನ್ನು ಕಟ್ಟಲೇಬೇಕು, ಜೊತೆಗೆ ಅದನ್ನು ಕಳಚುವ ದಾರಿಯನ್ನೂ ಆಗಲೇ ಯೋಚಿಸಿರಬೇಕು.

ಹುಡುಗ ತುಂಡು ಮಾಡುವ ಕೆಲಸವನ್ನೆಲ್ಲ ಒಂದೇ ಕಡತದಲ್ಲಿ ಇಟ್ಟ. ಸ್ಟ್ರೀಮಿಂಗ್ ಬಂದ ದಿನ ಆ ಒಂದು ಕಡತವನ್ನು ತೆಗೆದರೆ ಸಾಕು, ಉಳಿದದ್ದನ್ನು ಮುಟ್ಟಬೇಕಾಗಿಲ್ಲ. ಕಡತದ ಮೊದಲ ಸಾಲಿನಲ್ಲಿ ಹೀಗೆ ಬರೆದಿಟ್ಟಿದ್ದಾನೆ: 'ಇದು ತಾತ್ಕಾಲಿಕ'. ಹುಡುಗಿ ಆ ವರ್ಷದ ಪರೀಕ್ಷೆಯನ್ನು ಅದರ ನೆರವಿನಿಂದಲೇ ಬರೆದಳು.

ಮನೆಯಲ್ಲಿ ಮಕ್ಕಳು ಫಲಿತಾಂಶಕ್ಕೆ, ಸೀಟಿಗೆ, ಕೆಲಸದ ಕರೆಗೆ ಕಾಯುತ್ತ ಕೂತಿರುತ್ತಾರೆ. ಅವರನ್ನು ಬೈಯುವ ಮೊದಲು ಹೆತ್ತವರು ಆ ಬೇಸಾಯಗಾರರಂತೆ ತಾರೀಖು ಕೇಳಲಿ. ತಾರೀಖು ಇದ್ದರೆ ಮಕ್ಕಳು ನೆಮ್ಮದಿಯಿಂದ ಕಾಯಲಿ. ಇಲ್ಲದಿದ್ದರೆ ಹಳಿ ಬರುವವರೆಗೆ ಯಾವ ಬಸ್ಸು ಇದೆಯೆಂದು ಇಬ್ಬರೂ ಕೂತು ನೋಡುವುದು ಒಳ್ಳೆಯದು.