ಕಾಫಿ ಹೌಸಿನ ಕೆಲಸಗಾರರು

ಕಾಫಿ ಬೆಳೆಯುವವರ ಕಷ್ಟಸುಖ ನಮ್ಮ ಹಾಸನ ಜಿಲ್ಲೆಯವರಿಗೆ ಹೊಸದಲ್ಲ. ಸಕಲೇಶಪುರದ ಕಡೆಗೆ ಒಬ್ಬರಾದರೂ ನೆಂಟರಿಲ್ಲದ ಮನೆ ನಮ್ಮ ಶಾಂತಿಗ್ರಾಮದಲ್ಲಿ ಅಪರೂಪ. ಆದರೆ ಆ ಕಾಫಿಯನ್ನು ಕುದಿಸಿ, ಬಟ್ಟಲಿಗೆ ಬಗ್ಗಿಸಿ ತಂದುಕೊಟ್ಟವರ ಕತೆ ಅಷ್ಟಾಗಿ ಪ್ರಚಾರದಲ್ಲಿಲ್ಲ. ಶಿಷ್ಯನೊಬ್ಬನಿಗೆ ಅದನ್ನು ಹೇಳಬೇಕಾಗಿ ಬಂದುದರಿಂದ ಇಲ್ಲಿಯೂ ಬರೆಯುತ್ತಿದ್ದೇನೆ.

ಈ ಶಿಷ್ಯ ಬೆಂಗಳೂರಿನಲ್ಲಿ ಕಚೇರಿಗಳಿಗೆ ಊಟ ಒದಗಿಸುವ ಕೇಟರಿಂಗ್ ಕಂಪನಿಯೊಂದರಲ್ಲಿದ್ದ. 2020ರಲ್ಲಿ ಕೊರೋನಾ ಬಂದು ಕಚೇರಿಗಳು ಮನೆಗಳಿಗೆ ಹೋದವು. ಕ್ಯಾಂಟೀನಿನ ಒಲೆ ಆರಿತು. ಕಂಪನಿಯವರು ಕಳುಹಿಸಿದ ಪತ್ರದಲ್ಲಿ ‘ಪುನರ್ರಚನೆ’ ಎಂಬ ಪದವಿತ್ತಂತೆ. “ಮೇಷ್ಟ್ರೇ, ಪುನರ್ರಚನೆ ಅಂದ್ರೆ ಮನೆಗೆ ಕಳ್ಸೋದು ಅಂತಾನಾ?” ಎಂದು ಫೋನಿನಲ್ಲಿ ಕೇಳಿದ. ಮೂವತ್ತು ವರ್ಷ ಸಂಧಿ ಸಮಾಸ ಬೋಧಿಸಿದ ನನಗೆ ಆ ಅರ್ಥ ಯಾವ ನಿಘಂಟಿನಲ್ಲೂ ಕಂಡಿರಲಿಲ್ಲ.

ಆಗ ಹೇಳಿದ್ದು ಇದು. 1930ರ ದಶಕದಲ್ಲಿ ಕಾಫಿಯ ಬೆಲೆ ಕುಸಿದಾಗ, ದೇಶದೊಳಗೆ ಕಾಫಿ ಕುಡಿಯುವವರನ್ನು ಹೆಚ್ಚಿಸಲೆಂದು ಕಾಫಿ ಸೆಸ್ ಸಮಿತಿಯು 1936ರಲ್ಲಿ ಮುಂಬಯಿಯಲ್ಲಿ ಕಾಫಿ ಹೌಸ್ ತೆರೆಯಿತು. ಮುಂದೆ ಕಾಫಿ ಮಂಡಳಿಯ ಆಶ್ರಯದಲ್ಲಿ ಅವು ಅನೇಕ ನಗರಗಳಿಗೆ ಹಬ್ಬಿದವು. 1950ರ ದಶಕದ ನಡುವೆ ನೀತಿ ಬದಲಾಯಿತು. ಮಂಡಳಿ ಅವುಗಳನ್ನು ಮುಚ್ಚತೊಡಗಿತು, ನೌಕರರನ್ನು ಬಿಡಿಸಿತು. ಬಟ್ಟಲು ತೊಳೆಯುವವರು, ಬಡಿಸುವವರು, ಅಡುಗೆಯವರು ಬೀದಿಗೆ ಬಿದ್ದರು. ಎ.ಕೆ. ಗೋಪಾಲನ್ ಅವರ ಪ್ರೇರಣೆಯಿಂದ, ಮುಚ್ಚುವ ಹೋಟೆಲುಗಳನ್ನು ತಾವೇ ನಡೆಸುವುದೆಂದು ನೌಕರರು ನಿಶ್ಚಯಿಸಿದರು. ಮೊದಲ ಸಹಕಾರ ಸಂಘ ಸ್ಥಾಪನೆಯಾದದ್ದು ನಮ್ಮ ಬೆಂಗಳೂರಿನಲ್ಲಿ, 1957ರ ಆಗಸ್ಟ್ 19ರಂದು. ಅದೇ ಅಕ್ಟೋಬರಿನಲ್ಲಿ ದೆಹಲಿ, ಮರುವರ್ಷ ತ್ರಿಶೂರು. ಬಡಿಸುವವನೂ ಷೇರುದಾರ, ಆಡಳಿತ ಮಂಡಳಿಯನ್ನು ಆರಿಸುವವರೂ ಅವರೇ.

ಎಲ್ಲವೂ ಸುಸೂತ್ರವಾಯಿತೆಂದಲ್ಲ. ಬೆಂಗಳೂರಿನ ಮಹಾತ್ಮಾ ಗಾಂಧಿ ರಸ್ತೆಯ ಕಾಫಿ ಹೌಸ್ 2009ರಲ್ಲಿ ಮುಚ್ಚಿ ಚರ್ಚ್ ಸ್ಟ್ರೀಟಿಗೆ ಹೋಗಬೇಕಾಯಿತು. ಹೋಟೆಲು ಕೆಲಸಗಾರರದಾದರೂ ಕಟ್ಟಡ ಅವರದಾಗಿರಲಿಲ್ಲ. ಇನ್ನೊಂದು ಭೇದವನ್ನೂ ಶಿಷ್ಯನಿಗೆ ಮರೆಮಾಚದೆ ಹೇಳಿದೆ: 1957ರವರಿಗೆ ಗಿರಾಕಿಗಳಾದರೂ ಉಳಿದಿದ್ದರು; 2020ರಲ್ಲಿ ಉಣ್ಣುವವರೇ ಇರಲಿಲ್ಲ.

ಒಂದೂವರೆ ವರ್ಷ ಅವನು ಊರಿನಲ್ಲೇ ಇದ್ದು ಅಣ್ಣನೊಡನೆ ಆಲೂಗಡ್ಡೆ ಬೆಳೆದ. ಮದುವೆಗಳು ಮತ್ತೆ ಕಳೆಗಟ್ಟಿದ ಮೇಲೆ, ಜೊತೆಗೇ ಕೆಲಸ ಕಳೆದುಕೊಂಡ ನಾಲ್ವರನ್ನು ಸೇರಿಸಿಕೊಂಡು ಚನ್ನರಾಯಪಟ್ಟಣದ ಸುತ್ತ ಅಡುಗೆ ಒಪ್ಪಿಕೊಳ್ಳುತ್ತಿದ್ದಾನೆ. ಆಷಾಢದಲ್ಲಿ ಕೈ ಖಾಲಿ. ಕಳೆದ ಬಾರಿ ನೆಂಟರ ಬೀಗರೂಟದಲ್ಲಿ ಅವರ ಪಾತ್ರೆಗಳನ್ನು ನೋಡಿದೆ. ಕೊಳದಪ್ಪಲೆಯಿಂದ ಸೌಟಿನವರೆಗೆ ಪ್ರತಿಯೊಂದರ ಮೇಲೂ ಐವರ ಹೆಸರುಗಳ ಮೊದಲಕ್ಷರಗಳನ್ನು ಸಾಲಾಗಿ ಕೊರೆಸಿದ್ದರು.