ನೆಲೆ ನಿಲ್ಲುವ ಕೆಲಸ

ಪರದೇಶದ ಮಿಷನ್ ಶಾಲೆಗೆ ಪಾಠ ಹೇಳಲು ಹೊರಟವರನ್ನು ಎಲ್ಲರೂ ಕೇಳುವುದು ಒಂದೇ ಮಾತು: ಅಲ್ಲಿ ಹೋಗಿ ಏನು ಮಾಡುತ್ತೀರಿ? ನಿವೃತ್ತಳಾದ ಮೇಲೆ ನಾನು ಮಲಾವಿಗೆ ಹೊರಟಾಗ ಮಂಗಳೂರಿನ ನಮ್ಮ ಸಭೆಯ ಹಿರಿಯರೂ ಅದನ್ನೇ ಕೇಳಿದರು, ನನ್ನಕ್ಕನೂ ಅದನ್ನೇ ಕೇಳಿದಳು. ಗಣಿತ ಕಲಿಸುತ್ತೇನೆ ಎಂದೆ. ಅಷ್ಟೇನಾ ಎಂಬಂತೆ ನೋಡಿದವರೂ ಇದ್ದರು. ಅಷ್ಟು ದೂರ ಹೋದ ಮೇಲೆ ಏನಾದರೂ ಹೊಸದನ್ನು ಕಟ್ಟಿ ಬರಬೇಕು, ಒಂದು ಗ್ರಂಥಾಲಯವೋ ಒಂದು ಹೊಲಿಗೆ ತರಗತಿಯೋ, ಎಂಬುದು ಅವರ ಪ್ರೀತಿಯ ನಿರೀಕ್ಷೆ. ಆ ಪ್ರೀತಿಗೆ ತಲೆಬಾಗಿಯೇ ಹೇಳುತ್ತೇನೆ: ಹೊಸಬರಾಗಿ ಬಂದವರು ಇಲ್ಲಿ ಮೊದಲು ಮಾಡಬೇಕಾದದ್ದು ನೆಲೆ ನಿಲ್ಲುವುದು. ಅದಕ್ಕೆ ಊರಲ್ಲಿ ಕೂತು ಲೆಕ್ಕ ಹಾಕಿದ್ದಕ್ಕಿಂತ ಬಹಳ ಹೆಚ್ಚು ಕಾಲ ಬೇಕು.

ನಾನಿರುವುದು ಲಿವಿಂಗ್‌ಸ್ಟೋನಿಯಾದಲ್ಲಿ. ಮಲಾವಿ ಸರೋವರದ ದಂಡೆಯ ಚಿಟಿಂಬಾದಿಂದ ಗೊರೋಡೆ ಎಂಬ ಹಾದಿ 20 ಕಡಿದಾದ ತಿರುವುಗಳನ್ನು ಸುತ್ತಿಕೊಂಡು ಗುಡ್ಡ ಹತ್ತುತ್ತದೆ. ಮೇಲೆ ಬಂದು ನಿಂತರೆ ಸರೋವರ ಸುಮಾರು 900 ಮೀಟರ್ ಕೆಳಗೆ, ತುದಿ ಕಾಣದಷ್ಟು ಉದ್ದಕ್ಕೆ ಹರಡಿಕೊಂಡಿರುತ್ತದೆ. ಸ್ಕಾಟ್ಲೆಂಡಿನ ಫ್ರೀ ಚರ್ಚಿನ ಮಿಷನರಿಗಳು 1875ರಲ್ಲಿ ಮೊದಲು ಇಳಿದದ್ದು ಸರೋವರದ ದಕ್ಷಿಣ ತುದಿಯ ಕೇಪ್ ಮಕ್ಲಿಯರಿನಲ್ಲಿ. ಅಲ್ಲಿ ಒಬ್ಬರಾದ ಮೇಲೊಬ್ಬರು ಜ್ವರಕ್ಕೆ ಬಲಿಯಾದರು. 1881ರಲ್ಲಿ ಪಶ್ಚಿಮ ದಂಡೆಯ ಬಂಡಾವೆಗೆ ಸರಿದರು. ಮಲೇರಿಯಾ ಅಲ್ಲೂ ಬಿಡಲಿಲ್ಲ. ಕೊನೆಗೆ 1894ರಲ್ಲಿ ಅವರಲ್ಲಿ ಒಬ್ಬರಾದ ಡಾಕ್ಟರ್ ರಾಬರ್ಟ್ ಲಾಸ್ ಈ ತಂಪು ಎತ್ತರವನ್ನು ಹುಡುಕಿಕೊಂಡು ಬಂದರು. ಅದೇ ವರ್ಷ ಮಂಗಳೂರಿನ ಬಾಸೆಲ್ ಮಿಷನ್ ಅಚ್ಚುಕೂಟದಿಂದ ಕಿಟ್ಟೆಲ್ಲರ ನಿಘಂಟು ಹೊರಬಂದಿತ್ತು.

ಬಾಸೆಲ್ ಮಿಷನ್ನಿನಿಂದ ಬೆಳೆದ ಸಭೆಯ ಮಗಳಿಗೆ ಇಲ್ಲಿಯ ಕೆಂಪು ಇಟ್ಟಿಗೆಯ ಕಟ್ಟಡಗಳ ನಡುವೆ ನಡೆಯುವಾಗ ಬಹಳಷ್ಟು ಸಂಗತಿಗಳು ಪರಿಚಯದವೇ ಅನ್ನಿಸುತ್ತವೆ. ಲಾಸ್ ಅವರು ಕಟ್ಟಿದ ಓವರ್‌ಟೌನ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಅಕ್ಷರದ ಜೊತೆಗೆ ಮರಗೆಲಸ, ಅಚ್ಚುಕೆಲಸ, ಕಟ್ಟಡದ ಕೆಲಸ ಕಲಿಸುತ್ತಿದ್ದರು. ನಮ್ಮಲ್ಲಿ 1865ರಲ್ಲಿ ಜೆಪ್ಪುವಿನ ಹಂಚಿನ ಕಾರ್ಖಾನೆ, ಅದಕ್ಕೂ ಮೊದಲೇ ನೇಯ್ಗೆ ಮತ್ತು ಅಚ್ಚುಕೂಟ. ಇಲ್ಲಿ ಓದಿ ಹೊರಟ ಕ್ಲೆಮೆಂಟ್ಸ್ ಕಡಾಲಿ 1919ರಲ್ಲಿ ಕೇಪ್ ಟೌನಿನಲ್ಲಿ ಕಪ್ಪು ಕಾರ್ಮಿಕರ ದೊಡ್ಡ ಸಂಘವನ್ನು ಕಟ್ಟಿದರು. ಗುಡ್ಡದ ತುದಿಯ ಒಂದು ಶಾಲೆ ಎಷ್ಟು ದೂರ ಕೈಚಾಚಬಲ್ಲದು ಎಂದು ತರಗತಿಗೆ ಹೋಗುವ ದಾರಿಯಲ್ಲಿ ನೆನೆಯಲು ಆ ಒಂದು ಹೆಸರು ಸಾಕು.

ಆದರೂ ಇಲ್ಲಿಯ ಚರಿತ್ರೆಯಲ್ಲಿ ನನಗೆ ಎಲ್ಲರಿಗಿಂತ ಹತ್ತಿರವಾದವರು ವಿಲಿಯಂ ಕೋಯಿ. ಅವರು ಸ್ಕಾಟರಲ್ಲ, ದಕ್ಷಿಣ ಆಫ್ರಿಕಾದ ಖೋಸಾ ಜನಾಂಗದವರು. ಸಾಕಷ್ಟು ವಯಸ್ಸಾದ ಮೇಲೆ ಲವ್‌ಡೇಲ್ ಎಂಬ ಮಿಷನ್ ಶಾಲೆಗೆ ಸೇರಿ ಓದಿದವರು. ಸರೋವರದ ಕಡೆ ಕೆಲಸಕ್ಕೆ ಯಾರು ಬರುತ್ತೀರಿ ಎಂದು 1876ರಲ್ಲಿ ಲವ್‌ಡೇಲಿನ ಪ್ರಿನ್ಸಿಪಾಲ್ ಜೇಮ್ಸ್ ಸ್ಟುವರ್ಟ್ ಕೇಳಿದಾಗ ಹಲವರು ಎದ್ದು ನಿಂತರು, ನಾಲ್ವರು ಹೊರಟರು. ಐಸಾಕ್ ವಾಚೋಪ್ ಜ್ವರದಿಂದ ಹಣ್ಣಾಗಿ ಬೇಗನೆ ಹಿಂದಿರುಗಬೇಕಾಯಿತು. ಶದ್ರಕ್ ಮ್ನ್ಗುನಾನ ಕೇಪ್ ಮಕ್ಲಿಯರಿನ ಶಾಲೆಯಲ್ಲಿ ಪಾಠ ಹೇಳುತ್ತಿದ್ದವರು ಮರುವರ್ಷವೇ ಅಲ್ಲಿ ಮಣ್ಣಾದರು. ಮಪಾಸ ನ್ಟಿನ್ಟಿಲಿ ಕೆಲವು ವರ್ಷ ದುಡಿದು ಊರಿಗೆ ಮರಳಿದರು. ಕೋಯಿ ಉಳಿದರು. ಸ್ವಂತ ಇಚ್ಛೆಯಿಂದ ಪರದೇಶಕ್ಕೆ ಹೋಗಿ ಕಲಿಸುವವರು ಎಂದರೆ ಬಿಳಿಯರೇ ಎಂದು ನಾವು ತಿಳಿದುಕೊಂಡಿದ್ದೇವೆ. ಆಫ್ರಿಕಾದವರೇ ಆಫ್ರಿಕಾದ ಇನ್ನೊಂದು ಮೂಲೆಗೆ ಹೀಗೆ ಹೋಗಿ ಜೀವ ತೆತ್ತ ಕಥೆ ನಮ್ಮ ಭಾನುವಾರ ಶಾಲೆಗಳಲ್ಲಿ ಯಾಕೆ ಹೇಳುವುದಿಲ್ಲ ಎಂದು ನನಗೆ ನಿಜವಾಗಿಯೂ ದುಃಖವಾಗುತ್ತದೆ.

ಆಗ ಈ ಬೆಟ್ಟಸೀಮೆಯಲ್ಲಿ ಪ್ರಬಲರಾಗಿದ್ದವರು ನ್ಗೋನಿ ಜನ. ಅವರ ಹಿರಿಯರು ದಕ್ಷಿಣದ ಯುದ್ಧಗಳಿಂದ ಎದ್ದು ಹೊರಟು 1835ರಲ್ಲಿ ಜಾಂಬೆಜಿ ನದಿ ದಾಟಿ ಬಂದವರು. ಅವರ ನುಡಿಗೂ ಖೋಸಾ, ಜುಲು ನುಡಿಗಳಿಗೂ ಹತ್ತಿರದ ನಂಟು. ಸ್ಕಾಟರಿಗೆ ದುಭಾಷಿ ಬೇಕಾದಲ್ಲಿ ಕೋಯಿ ನೇರವಾಗಿ ಮಾತಾಡಬಲ್ಲವರಾಗಿದ್ದರು. 1882ರ ಹೊತ್ತಿಗೆ ಅವರು ನ್ಜುಯು ಎಂಬಲ್ಲಿ ನೆಲೆಯಾದರು. ಆದರೆ ಅರಸ ಮ್ಬೆಲ್ವ ಶಾಲೆಗೆ ಒಪ್ಪಲಿಲ್ಲ. ಓದು ಕಲಿತ ಹುಡುಗರು ಯುದ್ಧಕ್ಕೆ ಬಾರದೆ ಹೋದರೆ ಎಂಬ ಚಿಂತೆ ಒಂದು ಕಡೆ; ತಮ್ಮ ವಿರುದ್ಧ ತಿರುಗಿಬಿದ್ದ ತೋಂಗ ಜನರ ನಡುವೆಯೇ ಬಂಡಾವೆಯ ಮಿಷನ್ ನಿಂತಿದೆ ಎಂಬ ಸಂಶಯ ಇನ್ನೊಂದು ಕಡೆ. ಕಲಿಸಲೆಂದು ಬಂದವರು ಕಲಿಸುವಂತಿಲ್ಲ. ಕೋಯಿ ಆ ವರ್ಷಗಳಲ್ಲಿ ಅಲ್ಲಿಯೇ ಬದುಕಿದರು. ಹಿರಿಯರೊಡನೆ ಕೂತು ಮಾತಾಡಿದರು, ಅರಸನ ಮಾತನ್ನು ಮಿಷನರಿಗಳಿಗೂ ಮಿಷನರಿಗಳ ಮಾತನ್ನು ಅರಸನಿಗೂ ಮುಟ್ಟಿಸಿದರು. ಶಾಲೆಗೆ ಅನುಮತಿ ಸಿಕ್ಕಿದ್ದು 1886ರಲ್ಲಿ. ಆ ಹೊತ್ತಿಗೆ ಅವರು ಕೊನೆಯ ಕಾಯಿಲೆಯಲ್ಲಿದ್ದರು. ಅದೇ ವರ್ಷ ತೀರಿಕೊಂಡರು. 1876ರಿಂದಿನ ಆ ಹತ್ತು ವರ್ಷಗಳನ್ನು ಕೆಲಸಕ್ಕೆ ಮುಂಚಿನ ಸಿದ್ಧತೆ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಅವರ ಕೆಲಸವೇ ಅದು. ಮುಂದೆ ಎದ್ದ ಶಾಲೆಗಳೆಲ್ಲ ಆ ನೆಲೆಯ ಮೇಲೆ ನಿಂತವು. ನ್ಗೋನಿ ಕ್ರೈಸ್ತರ ಮೊದಲ ತಲೆಮಾರಿನ ಮವೆಲೆರ ಟೆಂಬೊ ಅವರು ತಮ್ಮ ಜನರ ಧಾಟಿಯಲ್ಲೇ ಸ್ತೋತ್ರಗಳನ್ನು ಕಟ್ಟಿದರು.

ನನ್ನ ನೆಲೆಯ ಮಾತು ಇದರ ಮುಂದೆ ಸಣ್ಣದು. ಇಟ್ಟಿಗೆ ಗೋಡೆ, ತಗಡಿನ ಮಾಡು, ಎರಡು ಕೋಣೆಯ ಮನೆ. ಕರಾವಳಿಯ ಸೆಕೆಯಿಂದ ಬಂದವಳಿಗೆ ಜೂನ್, ಜುಲೈ ತಿಂಗಳ ಮಂಜು ಮೂಳೆಗೆ ಇಳಿಯುತ್ತದೆ. ಊಟ ಸೀಮಾ: ಬಿಳಿ ಮೆಕ್ಕೆಜೋಳದ ಹಿಟ್ಟನ್ನು ಕುದಿಯುವ ನೀರಿನಲ್ಲಿ ತಿರುವಿ ತಿರುವಿ ಗಟ್ಟಿ ಮಾಡಿದ್ದು. ಬೆರಳಲ್ಲಿ ಮುರಿದು, ಅಂಗೈಯಲ್ಲಿ ಉರುಳಿಸಿ, ಹುರುಳಿಕಾಯಿ ಬೀಜದ ಸಾರಿಗೋ, ನೆಲಗಡಲೆ ಪುಡಿ ಹಾಕಿ ಬೇಯಿಸಿದ ಕುಂಬಳದ ಎಲೆಗೋ ಅದ್ದಿ ತಿನ್ನುತ್ತಾರೆ. ಸರೋವರದಿಂದ ಬರುವ ಉಸಿಪ ಎಂಬ ಪುಟ್ಟ ಒಣಮೀನಿನ ಪರಿಮಳ ಮಂಗಳೂರಿನವಳಿಗೆ ಪರಕೀಯವಾಗಲಿಲ್ಲ. ಉಣ್ಣುವ ಮೊದಲು ಮನೆಯವರು ಚೊಂಬು ಹಿಡಿದು ಬಂದು ಕೈಮೇಲೆ ನೀರು ಹೊಯ್ಯುತ್ತಾರೆ. ಪಕ್ಕದ ಮನೆಯಾಕೆ, ಪ್ರಾಥಮಿಕ ಶಾಲೆಯ ಶಿಕ್ಷಕಿ, ಮೊದಲ ವಾರ ಪೂರ್ತಿ ನನಗೆ ಒಲೆ ಹಚ್ಚಲು ಬಿಡಲಿಲ್ಲ. “ಮಾಮಾ, ನೀವು ಬಂದವರು. ನಾವು ಮೊದಲೇ ಇದ್ದವರು,” ಎಂದರು. ಅವರಿಗಿಂತ ನಾನು ಹಿರಿಯಳಾದ್ದರಿಂದ ಆ ಮಾಮಾ. ಇಲ್ಲಿ ಹಾಗೆಂದರೆ ಅಮ್ಮ.

ಬೆಳಿಗ್ಗೆ ಶಾಲೆಗೆ ಹೊರಟರೆ ದಾರಿಯಲ್ಲಿ ಸಿಕ್ಕ ಪ್ರತಿಯೊಬ್ಬರ ಎದುರೂ ನಿಲ್ಲಬೇಕು. ಹೇಗೆ ಎದ್ದಿರಿ ಎಂದು ಅವರು ಇಲ್ಲಿಯ ಟುಂಬುಕಾ ನುಡಿಯಲ್ಲಿ ಕೇಳುತ್ತಾರೆ. ಚೆನ್ನಾಗಿ ಎದ್ದೆ, ನೀವು ಹೇಗೆ ಎದ್ದಿರಿ ಎಂದು ನಾವು ಕೇಳಿ, ಉತ್ತರ ಬರುವವರೆಗೆ ಕಾಯಬೇಕು. ಕೈಕೊಡುವಾಗ ಎಡಗೈ ಬಲಗೈಯ ಮಣಿಕಟ್ಟಿನ ಹತ್ತಿರ ಇರಬೇಕು. ಹುಡುಗಿಯರು ಹಿರಿಯರ ಕೈಗೆ ಏನನ್ನಾದರೂ ಕೊಡುವಾಗ ಮೊಣಕಾಲು ಬಗ್ಗಿಸುತ್ತಾರೆ. ಹತ್ತು ನಿಮಿಷದ ದಾರಿಗೆ ಅರ್ಧ ಗಂಟೆ ಮುಂಚೆ ಹೊರಡುವುದನ್ನು ರೂಢಿ ಮಾಡಿಕೊಂಡೆ. ಗಂಟೆ ಹೊಡೆಯುವ ಮೊದಲೇ ಯಾರ ಮನೆಯಲ್ಲಿ ಕಾಯಿಲೆ, ಯಾರ ಮಗ ಮ್ಜುಜು ಪಟ್ಟಣದಿಂದ ಬಂದಿದ್ದಾನೆ, ಯಾವ ಹುಡುಗಿಯ ಫೀಸು ಕಟ್ಟಲಾಗಿಲ್ಲ ಎಂಬುದೆಲ್ಲ ಕಿವಿಗೆ ಬೀಳುತ್ತದೆ. ಹಾಜರಿ ಪುಸ್ತಕ ಹೇಳದ ಸುದ್ದಿ ಅದು.

ಶಿಕ್ಷಕರ ಕೊಠಡಿಯ ಬೀರುವಿನಲ್ಲಿ ನನಗಿಂತ ಮುಂಚೆ ಬಂದುಹೋದ ಸ್ವಯಂಸೇವಕರ ಗುರುತುಗಳಿವೆ. ಮೊದಲ ಕೆಲವು ಪುಟ ಮಾತ್ರ ತುಂಬಿದ ಓದುಗರ ಕೂಟದ ದಾಖಲೆ, ಯಾರೂ ನುಡಿಸದ ಒಂದು ಕೀಬೋರ್ಡು, ಬಣ್ಣದ ಅಕ್ಷರಗಳಲ್ಲಿ ಬರೆದ ಒಂದು ಸಂಜೆ ತರಗತಿಯ ವೇಳಾಪಟ್ಟಿ. ಇವನ್ನು ಆರಂಭಿಸಿದವರೆಲ್ಲ ಒಳ್ಳೆಯ ಮನಸ್ಸಿನವರು, ಅದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಹೊರಟುಹೋದವರ ಕೆಲಸವನ್ನು ಹೊತ್ತುಕೊಳ್ಳಬೇಕಾದವರು ಇಲ್ಲಿಯ ಶಿಕ್ಷಕರು. ಅವರಿಗೆ ಆಗಲೇ ಕೈತುಂಬ ಕೆಲಸವಿದೆ. ಸಂಜೆ ತರಗತಿ ಎಷ್ಟು ಒಳ್ಳೆಯದಾದರೂ, ಆ ಹೊತ್ತಿಗೆ ಹುಡುಗಿಯರು ಮನೆಗೆ ನೀರು ತರಬೇಕು, ಕತ್ತಲಾಗುವ ಮೊದಲು ಗುಡ್ಡ ಇಳಿಯಬೇಕು. ಒಂದು ವರ್ಷಕ್ಕೆಂದು ಬಂದವರು ಹೊಸದೊಂದನ್ನು ಹುಟ್ಟುಹಾಕಿ ಹೋಗುವುದಕ್ಕಿಂತ ನಡೆಯುತ್ತಿರುವ ಕೆಲಸಕ್ಕೆ ಹೆಗಲು ಕೊಡುವುದೇ ಮೇಲು. ಈ ವಿಷಯದಲ್ಲಿ ನನ್ನ ನಿಲುವು ಗಟ್ಟಿ. ಅದಕ್ಕೇ ಇಲ್ಲಿಯ ಮುಖ್ಯೋಪಾಧ್ಯಾಯರು, ನಿಮಗೆ ಯಾವ ಯೋಜನೆ ಇದೆ ಎಂದು ಕೇಳಿದಾಗ, ಯಾರಿಗೆ ಪಾಠದ ಭಾರ ಹೆಚ್ಚಾಗಿದೆಯೋ ಅವರ ತರಗತಿಗಳಲ್ಲಿ ಕೆಲವನ್ನು ನನಗೆ ಕೊಡಿ ಎಂದೆ.

ಹಾಗೆ ಕೊಟ್ಟವರು ಗಣಿತದ ಹಿರಿಯ ಉಪಾಧ್ಯಾಯರು. ಅವರ ವರ್ಷದ ಪಾಠಯೋಜನೆಯಲ್ಲಿ ಒಂದು ಸಂಗತಿ ಕಂಡು ನಾನು ಕಾರಣ ಕೇಳಿದೆ. ಜನವರಿ, ಫೆಬ್ರವರಿಯಲ್ಲಿ ಹೊಸ ಪಾಠ ಕಡಿಮೆ, ಹಳೆಯದರ ಅಭ್ಯಾಸ ಹೆಚ್ಚು. ಕಠಿಣವಾದ ಅಧ್ಯಾಯಗಳೆಲ್ಲ ಅದಕ್ಕೆ ಮುಂಚೆ ಅಥವಾ ಏಪ್ರಿಲ್ ನಂತರ. ಅವರು ಹೇಳಿದರು: ಆ ಎರಡು ತಿಂಗಳು ಮಳೆಗಾಲದ ನಡುಮಧ್ಯ. ಹೊಲದಲ್ಲಿ ಮೆಕ್ಕೆಜೋಳ ಇನ್ನೂ ಹಸಿರು, ಮನೆಯ ಕಣಜದಲ್ಲಿ ಹಳೆಯದು ಮುಗಿದಿರುತ್ತದೆ. ಮಕ್ಕಳಲ್ಲಿ ಕೆಲವರು ಏನೂ ತಿನ್ನದೆ ಬಂದಿರುತ್ತಾರೆ. ಹಸಿದ ಮಗುವಿಗೆ ಬೀಜಗಣಿತದ ಹೊಸ ಸೂತ್ರ ಹೇಳಬೇಡಿ, ಗೊತ್ತಿರುವ ಲೆಕ್ಕ ಕೊಡಿ. ಸರಿಯಾಯಿತು ಎಂಬ ಧೈರ್ಯವಾದರೂ ಸಿಗಲಿ. ಬಿ.ಎಡ್. ಮಾಡಿ ಮೂರು ದಶಕಕ್ಕೂ ಮೀರಿ ಪಾಠ ಹೇಳಿದ ನಾನು ಇಷ್ಟು ಸೂಕ್ಷ್ಮವಾದ ಪಾಠಯೋಜನೆಯನ್ನು ಬೇರೆಲ್ಲೂ ನೋಡಿಲ್ಲ. ಯಾವ ತರಬೇತಿಯೂ ಇದನ್ನು ಕೊಡಲಾರದು. ಅದೇ ಊರಿನ ಮಳೆ, ಹಸಿವು, ಕೊಯ್ಲುಗಳನ್ನು ವರ್ಷವರ್ಷವೂ ನೋಡುತ್ತ ಉಳಿದವರಿಗೆ ಮಾತ್ರ ಇದು ದಕ್ಕುತ್ತದೆ.

ತರಗತಿಯ ಭಾಷೆ ಇಂಗ್ಲಿಷು. ಪ್ರೌಢಶಾಲೆಯ ಮೊದಲ ತರಗತಿಯಾದ ಫಾರ್ಮ್ 1ರ ಮಕ್ಕಳು ಮೊದಮೊದಲು ಪ್ರಶ್ನೆ ಕೇಳಲು ಬಾಯಿ ಬಿಡುವುದಿಲ್ಲ. ಕನ್ನಡ ಮಾಧ್ಯಮದಿಂದ ಕಾಲೇಜಿಗೆ ಬಂದು ಹಿಂದಿನ ಬೆಂಚಿನಲ್ಲಿ ಬಾಯಿ ಕಟ್ಟಿದಂತೆ ಕೂರುವ ನಮ್ಮ ಮಕ್ಕಳನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಪಠ್ಯಪುಸ್ತಕ ಮೂರ್ನಾಲ್ಕು ಮಂದಿಗೆ ಒಂದು. ಕರಿಹಲಗೆಯೇ ಎಲ್ಲರ ಪುಸ್ತಕ, ಆದ್ದರಿಂದ ಅಂದವಾಗಿ, ದೊಡ್ಡದಾಗಿ ಬರೆಯುವುದು ಇಲ್ಲಿ ದೊಡ್ಡ ಸೇವೆ. ಸಮರೂಪ ತ್ರಿಭುಜಗಳ ಪಾಠಕ್ಕೆ ಅಂಗಳದ ನೀಲಗಿರಿ ಮರದ ನೆರಳನ್ನು ಅಳೆಯಲು ಮಕ್ಕಳನ್ನು ಹೊರಗೆ ಕರೆದೊಯ್ದ ದಿನ, ತರಗತಿಯಲ್ಲಿ ಅಲ್ಲಿಯವರೆಗೆ ಮಾತೇ ಆಡದಿದ್ದ ಹುಡುಗಿಯೊಬ್ಬಳು ನೆರಳು ಸರಿಯುವ ಮೊದಲು ಕೋಲಿನದನ್ನೂ ಮರದ್ದನ್ನೂ ಒಟ್ಟಿಗೇ ಅಳೆಯಬೇಕೆಂದು ಎಲ್ಲರನ್ನೂ ಅವಸರಪಡಿಸಿದಳು. ಟುಂಬುಕಾದಲ್ಲಿ ಅವಳು ಅಂದದ್ದು ನನಗೆ ಅರ್ಥವಾಯಿತು. ಆ ಸಂತೋಷ ದೊಡ್ಡದು.

ನೀವು ಅಲ್ಲಿ ಧರ್ಮ ಪ್ರಚಾರ ಮಾಡುತ್ತೀರಾ ಎಂದು ಊರಿನಿಂದ ಫೋನು ಮಾಡುವ ಕೆಲವರು ಕೇಳುತ್ತಾರೆ. ಈ ದೇಶದ ಬಹುಪಾಲು ಜನ ಕ್ರೈಸ್ತರೇ. ಇಲ್ಲಿಯ ಸಭೆಗೆ ನಾಲ್ಕಾರು ತಲೆಮಾರಿನ ನೆನಪಿದೆ. ಭಾನುವಾರದ ಆರಾಧನೆಯಲ್ಲಿ ನನಗಾಗಿ, ಮಂಗಳೂರಿನಲ್ಲಿರುವ ನನ್ನ ಮನೆಯವರಿಗಾಗಿ ಅವರು ಪ್ರಾರ್ಥಿಸುತ್ತಾರೆ. ನಮ್ಮ ಸ್ತ್ರೀಯರ ಕೂಟದಂತೆ ಇಲ್ಲಿಯೂ ಉಮಾನ್ಯಾನೊ ಎಂಬ ಸ್ತ್ರೀಯರ ಸಂಘವಿದೆ. ಸಾವಾದ ಮನೆಗೆ ಹಿಟ್ಟು, ಸೌದೆ ಹೊತ್ತು ಹೋಗಿ, ಅಡಿಗೆ ಮಾಡಿ, ರಾತ್ರಿಯಿಡೀ ಹಾಡುತ್ತ ಕೂರುವವರು ಅವರೇ. ಒಬ್ಬ ಸಹೋದ್ಯೋಗಿಯ ತಾಯಿ ತೀರಿಕೊಂಡಾಗ ಅವರ ಜೊತೆ ನಾನೂ ಹೋಗಿ ಚಾಪೆಯ ಮೇಲೆ ಬೆಳಗಿನವರೆಗೆ ಕೂತೆ. ಆಮೇಲೆ ಹಿಟ್ಟು ಕೊಡುವವರ ಸರದಿಯಲ್ಲಿ ನನ್ನ ಹೆಸರನ್ನೂ ಬರೆದುಕೊಂಡರು. ಈ ಊರಿನಲ್ಲಿ ನನಗೆ ಸಿಕ್ಕ ಎಲ್ಲ ಗೌರವಗಳಿಗಿಂತ ಅದು ದೊಡ್ಡದು.

ನೆಲೆ ನಿಲ್ಲುವ ಕೆಲಸಕ್ಕೆ ನಮ್ಮೂರಿನಲ್ಲೂ ಉದಾಹರಣೆ ಇದೆ. ಬಾಸೆಲ್ ಮಿಷನ್ನಿನ ಹೆರ್ಮನ್ ಮೋಗ್ಲಿಂಗರು ಮಂಗಳೂರಿಗೆ ಬಂದದ್ದು 1836ರಲ್ಲಿ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ವನ್ನು ಅವರು ಹೊರತಂದದ್ದು 1843ರಲ್ಲಿ, ನಮ್ಮ ಹಳೆಯ ಕಾವ್ಯಗಳನ್ನು ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆಯಲ್ಲಿ ಅಚ್ಚು ಹಾಕಿಸತೊಡಗಿದ್ದು ಇನ್ನೂ ಐದು ವರ್ಷ ಕಳೆದ ಮೇಲೆ. 1860ರಲ್ಲಿ ಅವರು ಊರಿಗೆ ಹಿಂದಿರುಗುವ ಹೊತ್ತಿಗೆ 24 ವರ್ಷ ಕನ್ನಡ ನಾಡಿನಲ್ಲಿ ಕಳೆದಿದ್ದರು. ಆರಂಭಿಸಿದವರು ಎಂದು ನಾವು ಅವರನ್ನು ಕೊಂಡಾಡುತ್ತೇವೆ, ಸರಿಯೇ. ಆರಂಭಿಸುವ ಮೊದಲು ಏಳು ವರ್ಷ ಈ ಜನರ ಮಾತು ಕಲಿಯುತ್ತ, ಇವರ ನಡುವೆ ಪಾಠ ಹೇಳುತ್ತ ಇದ್ದರು ಎಂಬುದನ್ನು ನಾನು ಈ ಗುಡ್ಡಕ್ಕೆ ಬಂದ ಮೇಲೆ ಹೆಚ್ಚು ನೆನೆಯುತ್ತೇನೆ. ನಮ್ಮ ಸಭೆಗಳು ಈಗ ಹೊರನಾಡಿಗೆ ಶಿಕ್ಷಕರನ್ನು ಕಳಿಸುವ ಮಾತಾಡುವಾಗ ಎಷ್ಟು ಮಂದಿ ಎಂದು ಎಣಿಸುತ್ತವೆ. ಎಷ್ಟು ವರ್ಷ ಎಂದು ಎಣಿಸಬೇಕು. ಮೂರು ವಾರಕ್ಕೆ ಹತ್ತು ಮಂದಿಯನ್ನು ಕಳಿಸುವ ಖರ್ಚಿನಲ್ಲಿ ಒಬ್ಬರನ್ನು ಕೆಲವು ವರ್ಷ ಉಳಿಸಬಹುದು.

ನಾನು ಇನ್ನೊಂದು ವರ್ಷ ಕೇಳಿಕೊಂಡಿದ್ದೇನೆ. ಇಲ್ಲಿಯ ಶಾಲೆ ಒಪ್ಪಿದೆ, ಮಂಗಳೂರಿನಿಂದ ಉತ್ತರ ಬರಬೇಕು. ಫಾರ್ಮ್ 3ರ ಮಕ್ಕಳು ಫಾರ್ಮ್ 4ಕ್ಕೆ ಹೋಗಿ ಪ್ರೌಢಶಾಲೆಯ ಕೊನೆಯ ಎಂ.ಎಸ್.ಸಿ.ಇ. ಪರೀಕ್ಷೆಗೆ ಕೂರುವವರೆಗೆ ಅವರ ಜೊತೆ ಇರಬೇಕೆಂದು ಆಸೆ. ವೃತ್ತದ ಪ್ರಮೇಯಗಳನ್ನು ಏಪ್ರಿಲ್ ನಂತರಕ್ಕೆ ಇಟ್ಟುಕೊಂಡಿದ್ದೇನೆ.