ದುಡ್ಡು ಕೊಟ್ಟಿದ್ದು ನೀವು, ಸ್ವಿಚ್ಚು ಯಾರ ಕೈಲಿ?

(1/8)
ಅಡ್ಮಿಷನ್ ಶುರುವಾದ್ರೆ ಸಾಕು, ನನ್ನ ಇನ್‌ಬಾಕ್ಸ್ ತುಂಬ ಒಂದೇ ಪ್ರಶ್ನೆ. "ಅಣ್ಣಾ, ಯಾವ ಲ್ಯಾಪ್‌ಟಾಪ್ ತಗೊಳ್ಲಿ?" ಜೊತೆಗೆ ಮೂರು ಸ್ಕ್ರೀನ್‌ಶಾಟ್. ಮೂರರಲ್ಲೂ ಕೀಬೋರ್ಡ್ ಕೆಳಗೆ ಕಾಮನಬಿಲ್ಲಿನ ಲೈಟು, ಮೂರಕ್ಕೂ ಇಎಂಐ. ಅದರ ಹಿಂದೇನೇ ಇನ್ನೊಂದು ಮೆಸೇಜ್: "ಅಪ್ಪ ಸೊಸೈಟೀಲಿ ಸಾಲ ಕೇಳ್ತಾ ಇದಾರೆ, ಬೇಗ ಹೇಳಿ."

ಆ ಎರಡನೇ ಮೆಸೇಜ್ ಓದಿದ ಮೇಲೆ ಸುಮ್ನೆ ಒಂದು ಮಾಡೆಲ್ ಹೆಸರು ಹೇಳಿ ಕೈ ತೊಳ್ಕೊಳ್ಳೋಕೆ ಮನಸ್ಸು ಬರಲ್ಲ ಮಾರಾಯ್ರೆ. ಅದಕ್ಕೇ ಈ ಎಂಟು ಪೋಸ್ಟು. ನಾನೇನು ದೊಡ್ಡ ಪಂಡಿತ ಅಲ್ಲ. ನಿಮ್ಮ ಹಾಗೇ ಬಿಸಿಎ ಓದೋನು, ಸ್ಕ್ರೂಡ್ರೈವರ್ ಕಂಡ್ರೆ ಕೈ ತುರಿಸೋನು, ಅಷ್ಟೇ.

ನನ್ನ ಹತ್ರ ಇರೋದು ಒಂದೇ ಅಳತೆಗೋಲು. ಕಂಪ್ಯೂಟರ್ ಇರಲಿ, ಸಾಫ್ಟ್‌ವೇರ್ ಇರಲಿ, ಗೇಮ್ ಇರಲಿ, ದುಡ್ಡು ಕೊಡೋ ಮುಂಚೆ ಇದನ್ನ ಕೇಳ್ಕೊಳ್ತೀನಿ: ಮಾಡಿದ ಕಂಪನಿ ನಾಳೆ ಬೆನ್ನು ತಿರುಗಿಸಿದ್ರೆ ಇದು ನಡೆಯುತ್ತಾ?

ಮುಂದಿನ ಏಳು ಪೋಸ್ಟಲ್ಲಿ ಇರೋದೆಲ್ಲ ಈ ಪ್ರಶ್ನೆಯ ಸುತ್ತಾನೇ.

(2/8)
ಈ ಫೋಟೋದಲ್ಲಿ ಇರೋದು ನನ್ನ ಲ್ಯಾಪ್‌ಟಾಪ್. ಮೂಲೆ ಸವೆದಿದೆ, ಹಿಂದೆ ಯಾವುದೋ ಆಫೀಸಿನ ಸ್ಟಿಕ್ಕರ್ ಕಿತ್ತ ಗುರುತು. 2016ರ ಮಾಲು, ಆರನೇ ತಲೆಮಾರಿನ ಐ5. ಸೆಕೆಂಡ್ ಹ್ಯಾಂಡ್ ತಗೊಂಡಾಗ ಆನ್ ಮಾಡಿ ಚಹಾ ಕುಡಿದು ಬಂದ್ರೂ ಡೆಸ್ಕ್‌ಟಾಪ್ ಬಂದಿರ್ತಿರಲಿಲ್ಲ. ರಿಪೇರಿ ಅಂಗಡಿಯವರು ನೋಡಿದ್ದೇ "ಇದು ಗುಜರಿ, ಹೊಸದು ತಗೋ" ಅಂದ್ರು.

ಗುಜರಿ ಆಗಿದ್ದು ಒಳಗಿನ ಹಾರ್ಡ್ ಡಿಸ್ಕ್ ಒಂದೇ. ಹಾರ್ಡ್ ಡಿಸ್ಕ್ ಅಂದ್ರೆ ಒಳಗೆ ತಟ್ಟೆ ತಿರುಗಬೇಕು, ಅದರ ಮೇಲೆ ಒಂದು ಕಡ್ಡಿ ಓಡಾಡಿ ಬೇಕಾದ ಜಾಗ ಹುಡುಕಬೇಕು. ಎಸ್‌ಎಸ್‌ಡೀಲಿ ತಿರುಗೋದು ಏನೂ ಇಲ್ಲ, ಎಲ್ಲಾ ಚಿಪ್ಪಲ್ಲೇ. ಅದಕ್ಕೇ ಪ್ರೊಸೆಸರ್ ಬದಲಾಯಿಸದೇ ಇದ್ರೂ ಮಿಷನ್ನಿಗೆ ಜೀವ ಬಂದ ಹಾಗೆ ಆಗೋದು. ಎಸ್‌ಎಸ್‌ಡಿ ಹಾಕಿ, ರ‍್ಯಾಮ್ 4 ಜಿಬಿ ಇದ್ದಿದ್ದನ್ನ 8 ಮಾಡಿದೆ. ಖರ್ಚು ಹೊಸ ಲ್ಯಾಪ್‌ಟಾಪಿನ ಬೆಲೆಯಲ್ಲಿ ಸಣ್ಣ ಪಾಲು. ಈಗ ಎರಡು ವರ್ಷದಿಂದ ಜಾವಾ, ಪೈಥಾನ್, ಡಿಬಿಎಂಎಸ್ ಲ್ಯಾಬ್ ಎಲ್ಲಾ ಇದರಲ್ಲೇ ನಡೀತಿದೆ.

ಬಿಸಿಎ, ಬಿಕಾಂ, ಬಿಎಸ್ಸಿ ಮೊದಲ ವರ್ಷಕ್ಕೆ ಕಾಮನಬಿಲ್ಲಿನ ಲೈಟು ಬೇಕಾಗಿಲ್ಲ. ಹಿಂದಿನ ಸ್ಕ್ರೂ ಬಿಚ್ಚಿದ್ರೆ ರ‍್ಯಾಮ್, ಡಿಸ್ಕ್, ಬ್ಯಾಟರಿ ಬದಲಾಯಿಸೋಕೆ ಆಗುತ್ತಾ? ಅದನ್ನ ಕೇಳಿ. ಈಗಿನ ಎಷ್ಟೋ ತೆಳ್ಳನೆ ಲ್ಯಾಪ್‌ಟಾಪಲ್ಲಿ ರ‍್ಯಾಮ್ ಬೋರ್ಡಿಗೇ ಬೆಸುಗೆ. ಇವತ್ತು ಕಮ್ಮಿ ತಗೊಂಡ್ರೆ ನಾಳೆ ಸೇರಿಸೋ ದಾರಿ ಇಲ್ಲ.

(3/8)
"ಅಣ್ಣಾ, ಆದ್ರೆ ಅದಕ್ಕೆ ವಿಂಡೋಸ್ 11 ಬರಲ್ವಲ್ಲ?"

ಬರಲ್ಲ. ಮೈಕ್ರೋಸಾಫ್ಟ್ ಲೆಕ್ಕದಲ್ಲಿ ಟಿಪಿಎಂ 2.0 ಬೇಕು, ಇಂಟೆಲ್ ಆದ್ರೆ ಹೆಚ್ಚುಕಮ್ಮಿ ಎಂಟನೇ ತಲೆಮಾರಿನಿಂದ ಮೇಲೆ ಇರಬೇಕು. ವಿಂಡೋಸ್ 10ರ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗೀತು. ಹೆಸರು ನೋಂದಾಯಿಸಿದವರಿಗೆ ಇನ್ನೊಂದು ವರ್ಷ ಸೆಕ್ಯುರಿಟಿ ಅಪ್ಡೇಟ್, ಅಷ್ಟೇ. ಅಂದ್ರೆ ಚೆನ್ನಾಗಿ ಓಡ್ತಾ ಇರೋ ಅದೆಷ್ಟೋ ಮಿಷನ್ನು ಒಂದು ತಾರೀಖು ಬಂತು ಅಂತ ಮುದುಕ ಆಗಿಬಿಟ್ಟವು. ಕೆಟ್ಟಿದ್ದು ಯಾವ ಪಾರ್ಟೂ ಅಲ್ಲ.

ನನ್ನದರಲ್ಲಿ ಈಗ ಇರೋದು ಲಿನಕ್ಸ್ ಮಿಂಟ್. ದುಡ್ಡಿಲ್ಲ, ಲೈಸೆನ್ಸ್ ಕೀ ಇಲ್ಲ, ಇಷ್ಟ ಬಂದಷ್ಟು ಮಿಷನ್ನಿಗೆ ಹಾಕಬಹುದು. ಪೆನ್‌ಡ್ರೈವಿಂದಲೇ ಬೂಟ್ ಮಾಡಿ ಮೊದಲು ಟ್ರಯಲ್ ನೋಡಿ. ವೈಫೈ ಸಿಕ್ತಾ, ಸೌಂಡ್ ಬಂತಾ, ಪ್ರಿಂಟರ್ ಕಂಡಿತಾ ಅಂತ. ಸರಿ ಅನ್ನಿಸಿದ್ರೆ ಆಮೇಲೆ ಇನ್‌ಸ್ಟಾಲ್. ಮುಂಚೆ ಬ್ಯಾಕಪ್!

ಲಿನಕ್ಸ್ ಅಂದ್ರೆ ಸ್ವರ್ಗ ಅಂತ ಹೇಳಲ್ಲ. ಆಟೋಕ್ಯಾಡ್ ಬೇಕೇ ಬೇಕು ಅನ್ನೋ ಸಿವಿಲ್, ಮೆಕ್ಯಾನಿಕಲ್‌ನವರು ವಿಂಡೋಸಲ್ಲೇ ಇರಿ. ವ್ಯಾಲರೆಂಟ್ ಆಡೋರೂ ಅಷ್ಟೇ, ಅದರ ಆಂಟಿ-ಚೀಟ್ ಲಿನಕ್ಸಲ್ಲಿ ನಡೆಯಲ್ಲ. ಮಿಕ್ಕ ಗೇಮ್ ವಿಷ್ಯದಲ್ಲಿ ಕಾಲ ಬದಲಾಗಿದೆ. 2018ರಲ್ಲಿ ವಾಲ್ವ್ ಕಂಪನಿ ಪ್ರೋಟಾನ್ ಅಂತ ಒಂದು ಸಾಧನ ಬಿಟ್ಟಮೇಲೆ ವಿಂಡೋಸ್‌ಗೆ ಬರೆದ ಸಾವಿರಾರು ಗೇಮು ಲಿನಕ್ಸಲ್ಲೂ ಓಡ್ತವೆ. 2022ರಲ್ಲಿ ಬಂದ ಸ್ಟೀಮ್ ಡೆಕ್ ಒಳಗೆ ಇರೋದೂ ಲಿನಕ್ಸೇ.

(4/8)
ಸಾಫ್ಟ್‌ವೇರ್ ವಿಷ್ಯಕ್ಕೆ ಬರೋಣ. ಮೊದಲು ಸಿಡಿ ತಗೊಂಡ್ರೆ ಮುಗೀತು, ಹತ್ತು ವರ್ಷ ಆದ್ರೂ ನಿಮ್ಮದೇ. 2013ರಲ್ಲಿ ಅಡೋಬಿ ತನ್ನ ಹೊಸ ಫೋಟೋಶಾಪನ್ನ ಬಾಡಿಗೆಗೆ ಮಾತ್ರ ಕೊಡೋಕೆ ಶುರು ಮಾಡ್ತು. ತಿಂಗಳ ದುಡ್ಡು ನಿಲ್ಲಿಸಿದ್ರೆ ಸಾಫ್ಟ್‌ವೇರೂ ನಿಲ್ಲುತ್ತೆ. ಬಾಡಿಗೆ ಮನೆ ತಪ್ಪಲ್ಲ, ಎಷ್ಟೋ ಜನಕ್ಕೆ ಅದೇ ಅನುಕೂಲ. ಆದ್ರೆ ಬಾಡಿಗೆ ಮನೇಲಿ ಇದೀನಿ ಅಂತ ಗೊತ್ತಿರಬೇಕು. ಗೋಡೆಗೆ ಮೊಳೆ ಹೊಡೆದು ಸ್ವಂತದ್ದು ಅಂದ್ಕೊಂಡ್ರೆ ಕಷ್ಟ.

ಕ್ರ್ಯಾಕ್ ಹಾಕಿದ್ದು ವಾಟ್ಸಾಪ್ ಗ್ರೂಪಲ್ಲಿ ಸಿಗುತ್ತೆ, ಗೊತ್ತು. ಅದರ ಜೊತೆ ಏನೇನು ಒಳಗೆ ಬಂತು ಅನ್ನೋದು ಮಾತ್ರ ಕೊಟ್ಟವನಿಗೂ ಗೊತ್ತಿರಲ್ಲ.

ಹಾಗಾದ್ರೆ ಬಡವರು ಏನು ಮಾಡೋದು? ಬ್ಲೆಂಡರ್ ಕಥೆ ಕೇಳಿ. ತ್ರೀಡಿ ಅನಿಮೇಷನ್ ಮಾಡೋ ಸಾಫ್ಟ್‌ವೇರ್ ಅದು. ಅದನ್ನ ನಡೆಸ್ತಿದ್ದ ಕಂಪನಿ 2002ರಲ್ಲಿ ಮುಚ್ಚಿ ಹೋಯ್ತು. ಮಾಮೂಲಿಯಾಗಿ ಅಲ್ಲಿಗೆ ಕಥೆ ಮುಗೀಬೇಕು. ಆದ್ರೆ ಅದನ್ನ ಕಟ್ಟಿದ ಟಾನ್ ರೋಸೆಂಡಾಲ್ ಹೂಡಿಕೆದಾರರ ಹತ್ರ ಮಾತಾಡಿ, 1 ಲಕ್ಷ ಯೂರೋ ಕೊಟ್ರೆ ಕೋಡನ್ನ ಎಲ್ಲರಿಗೂ ಬಿಟ್ಟುಕೊಡ್ತೀವಿ ಅಂತ ಒಪ್ಪಿಸಿದ. ಬಳಸ್ತಿದ್ದ ಜನಾನೇ ಚಂದಾ ಎತ್ತಿ ಏಳು ವಾರದಲ್ಲಿ ಅಷ್ಟೂ ಕೂಡಿಸಿದ್ರು. ಅವತ್ತಿಂದ ಬ್ಲೆಂಡರ್ ಎಲ್ಲರದ್ದು. 2025ರಲ್ಲಿ ಅತ್ಯುತ್ತಮ ಅನಿಮೇಷನ್ ಚಿತ್ರ ಅಂತ ಆಸ್ಕರ್ ಗೆದ್ದ ಲಾಟ್ವಿಯಾದ 'ಫ್ಲೋ' ಮಾಡಿದ್ದು ಇದೇ ಉಚಿತ ಬ್ಲೆಂಡರಲ್ಲಿ.

ಕಂಪನಿ ಸತ್ತಿತು, ಸಾಫ್ಟ್‌ವೇರ್ ಬದುಕಿತು. ನನ್ನ ಅಳತೆಗೋಲಿಗೆ ಇದಕ್ಕಿಂತ ಒಳ್ಳೇ ಉದಾಹರಣೆ ಬೇಡ.

(5/8)
ಈಗ ಗೇಮ್. ನೀವೆಲ್ಲ ಕಾಯ್ತಿದ್ದಿದ್ದು ಇದಕ್ಕೇ ಅಂತ ಗೊತ್ತು 😄

ಎರಡು ಗೇಮ್ ಪಕ್ಕಪಕ್ಕ ಇಟ್ಟು ನೋಡೋಣ.

ಒಂದು: ಡೂಮ್. ಐಡಿ ಸಾಫ್ಟ್‌ವೇರ್ ಬಿಟ್ಟಿದ್ದು 1993ರ ಡಿಸೆಂಬರಲ್ಲಿ. ನಮ್ಮಲ್ಲಿ ಯಾರೂ ಹುಟ್ಟಿರಲಿಲ್ಲ. 1997ರಲ್ಲಿ ಅದರ ಸೋರ್ಸ್ ಕೋಡನ್ನ ಸಾರ್ವಜನಿಕರಿಗೆ ಬಿಟ್ರು. ಆಮೇಲೆ ಜನ ಅದನ್ನ ಕ್ಯಾಲ್ಕುಲೇಟರಲ್ಲಿ ಓಡಿಸಿದ್ರು, ಪ್ರಿಂಟರಿನ ಪುಟಾಣಿ ಸ್ಕ್ರೀನಲ್ಲೂ ಓಡಿಸಿದ್ರು. ಇವತ್ತಿಗೂ ಯಾರೋ ಒಬ್ಬರು ಅದಕ್ಕೆ ಹೊಸ ಲೆವೆಲ್ ಕಟ್ತಾ ಕೂತಿರ್ತಾರೆ.

ಎರಡು: ದಿ ಕ್ರೂ. ಯೂಬಿಸಾಫ್ಟಿನ ಕಾರ್ ರೇಸಿಂಗ್ ಗೇಮ್, 2014ರದ್ದು. ಇಡೀ ಅಮೆರಿಕಾನ ಕುಗ್ಗಿಸಿ ಒಂದು ಮ್ಯಾಪ್ ಮಾಡಿದ್ರು. ಒಬ್ಬರೇ ಕೂತು ಊರಿಂದೂರಿಗೆ ಓಡಿಸ್ಕೊಂಡು ಹೋಗಬಹುದಿತ್ತು. ಆದ್ರೆ ಒಬ್ಬರೇ ಆಡಿದ್ರೂ ಕಂಪನಿ ಸರ್ವರ್ ಜೊತೆ ತಂತು ಇರಲೇಬೇಕಿತ್ತು. 2024ರ ಮಾರ್ಚ್ 31ಕ್ಕೆ ಸರ್ವರ್ ನಿಲ್ಲಿಸಿದ್ರು. ಅಂಗಡೀಲಿ ದುಡ್ಡು ಕೊಟ್ಟು ತಂದ ಡಿಸ್ಕ್ ಕೈಲಿದೆ, ಗೇಮ್ ಇಲ್ಲ.

30 ದಾಟಿದ್ದು ಬದುಕಿದೆ, 10 ತುಂಬದ್ದು ಸತ್ತಿದೆ. ಹಳೇದು, ಹೊಸದು ಅನ್ನೋದು ಇಲ್ಲಿ ಲೆಕ್ಕಕ್ಕೇ ಬರಲಿಲ್ಲ. ಸ್ವಿಚ್ಚು ಯಾರ ಕೈಲಿತ್ತು ಅನ್ನೋದು ಬಂತು.

ಇದನ್ನ ನೋಡಿ ರಾಸ್ ಸ್ಕಾಟ್ ಅನ್ನೋ ಯೂಟ್ಯೂಬರ್ 'ಸ್ಟಾಪ್ ಕಿಲ್ಲಿಂಗ್ ಗೇಮ್ಸ್' ಅಂತ ಚಳವಳಿ ಶುರು ಮಾಡಿದ. ಕೇಳಿದ್ದು ಬಹಳ ಸರಳ: ಸರ್ವರ್ ಶಾಶ್ವತವಾಗಿ ನಡೆಸಿ ಅಂತ ಯಾರೂ ಹೇಳಲ್ಲ, ಮುಚ್ಚೋವಾಗ ಗೇಮನ್ನ ಆಡೋ ಸ್ಥಿತೀಲಿ ಬಿಟ್ಟುಹೋಗಿ. ಯೂರೋಪಿನಲ್ಲಿ ಇದಕ್ಕೆ 10 ಲಕ್ಷಕ್ಕಿಂತ ಜಾಸ್ತಿ ಜನ ಸಹಿ ಹಾಕಿದ್ರು. ಮನೇಲಿ "ಬರೀ ಆಟ ತಾನೇ" ಅಂತಾರಲ್ಲ, ಅವರಿಗೆ ಈ ಲೆಕ್ಕ ತೋರಿಸಿ.

(6/8)
ನಮ್ಮೂರಿನ ಉದಾಹರಣೆ ಬೇಕಾ? 2020ರ ಸೆಪ್ಟೆಂಬರಲ್ಲಿ ಪಬ್‌ಜಿ ಮೊಬೈಲ್ ಬ್ಯಾನ್ ಆಯ್ತು. 2021ರ ಜುಲೈಲಿ ಬಿಜಿಎಂಐ ಅಂತ ವಾಪಸ್ ಬಂತು. 2022ರ ಜುಲೈಲಿ ಪ್ಲೇಸ್ಟೋರಿಂದ ಮಾಯ. 2023ರ ಮೇನಲ್ಲಿ ಮತ್ತೆ ಹಾಜರ್. ಬ್ಯಾನ್ ಸರೀನಾ ತಪ್ಪಾ, ಆ ಜಗಳ ನಂಗೆ ಬೇಡ. ಪಾಕೆಟ್ ಮನಿ ಕೂಡಿಟ್ಟು ಗನ್ ಸ್ಕಿನ್ ತಗೊಂಡ ಹುಡುಗನ ಕೈಲಿ ಈ ಮೂರು ವರ್ಷದಲ್ಲಿ ಏನಿತ್ತು ಅನ್ನೋದು ಮಾತ್ರ ನನ್ನ ಪ್ರಶ್ನೆ. ಇನ್ನೊಬ್ಬರ ಕಂಪ್ಯೂಟರಿನಲ್ಲಿ ಒಂದು ಸಾಲಿನ ಲೆಕ್ಕ ಇತ್ತು, ಅಷ್ಟೇ.

ಬಿಜಿಎಂಐ ಆಡಬೇಡಿ ಅಂತಿಲ್ಲ. ರಾತ್ರಿ ನಾಲ್ಕು ಜನ ಸೇರಿ ಕಿರುಚ್ಕೊಂಡು ಆಡೋ ಮಜಾ ಬೇರೆ ಕಡೆ ಸಿಗಲ್ಲ, ನಾನೂ ಆಡ್ತೀನಿ. ಅಲ್ಲಿ ದುಡ್ಡು ಹಾಕೋದಾದ್ರೆ ಸಿನಿಮಾ ಟಿಕೆಟ್ ಅಂದ್ಕೊಂಡು ಹಾಕಿ. ನೋಡಿದ್ವಿ, ಖುಷಿ ಆಯ್ತು, ಬಂದ್ವಿ. ಆಸ್ತಿ ಮಾಡ್ತಿದೀನಿ ಅಂದ್ಕೋಬೇಡಿ.

ಸ್ಟೀಮಲ್ಲಿ ಕೊಂಡಿದ್ದೂ ಪೂರ್ತಿ ನಮ್ಮದಲ್ಲ. ಕ್ಯಾಲಿಫೋರ್ನಿಯಾದಲ್ಲಿ ಕಾನೂನು ಬಂದಮೇಲೆ, 2024ರ ಅಕ್ಟೋಬರಿಂದ ದುಡ್ಡು ಕಟ್ಟೋ ಜಾಗದಲ್ಲೇ "ನೀವು ಕೊಳ್ತಿರೋದು ಲೈಸೆನ್ಸ್" ಅನ್ನೋ ಅರ್ಥದ ಸಾಲು ಹಾಕ್ತಾರೆ. ಒಂದ್ಸಲ ಓದಿ ನೋಡಿ. ಗಾಗ್ ಅನ್ನೋ ಅಂಗಡೀಲಿ ತಗೊಂಡ್ರೆ ಇನ್‌ಸ್ಟಾಲರ್ ಫೈಲನ್ನೇ ಇಳಿಸ್ಕೊಂಡು ನಮ್ಮ ಡಿಸ್ಕಲ್ಲಿ ಇಟ್ಕೋಬಹುದು, ಯಾವ ಬೀಗಾನೂ ಇಲ್ಲ.

ನನ್ನ ಈ ಹಳೇ ಡಬ್ಬದಲ್ಲಿ ಆರಾಮಾಗಿ ಓಡೋದು: ಸ್ಟಾರ್‌ಡ್ಯೂ ವ್ಯಾಲಿ. ಎರಿಕ್ ಬರೋನ್ ಅನ್ನೋ ಒಬ್ಬನೇ ಮನುಷ್ಯ ನಾಲ್ಕೂವರೆ ವರ್ಷ ಕೂತು ಕೋಡು, ಚಿತ್ರ, ಸಂಗೀತ ಎಲ್ಲಾ ಮಾಡಿ 2016ರಲ್ಲಿ ಬಿಟ್ಟ. ಆಮೇಲೆ ಹಾಲೋ ನೈಟ್, ಅದು 2017ರದ್ದು. ದುಡ್ಡೇ ಬೇಡ ಅಂದ್ರೆ ಸೂಪರ್‌ಟಕ್ಸ್‌ಕಾರ್ಟ್. ಮೂರಕ್ಕೂ ನೆಟ್ ಬೇಡ. ಮಳೆಗಾಲದಲ್ಲಿ ಮರ ಬಿದ್ದು ನಾಲ್ಕು ದಿನ ಲೈನ್ ಹೋಗೋ ಊರಿನವರಿಗೆ ಇದರ ಬೆಲೆ ಗೊತ್ತು.

(7/8)
ಇದು ಸ್ವಲ್ಪ ಸೀರಿಯಸ್ ಪೋಸ್ಟು. ಫೋಟೋದಲ್ಲಿ ಇರೋದು ಒಂದು ಸಿಡಿ, ಮೇಲೆ ಮಾರ್ಕರಲ್ಲಿ "ಅಪ್ಪಯ್ಯನ ಬರಹ 2004".

ನಮ್ಮಜ್ಜನ ಊರು ಶರಾವತಿ ಹಿನ್ನೀರಲ್ಲಿದೆ. ಹಿನ್ನೀರಿನ ದಡದಲ್ಲಲ್ಲ, ಒಳಗೆ. 1964ರಲ್ಲಿ ಲಿಂಗನಮಕ್ಕಿ ಡ್ಯಾಮ್ ಆದಾಗ ಮುಳುಗಿದ ಊರುಗಳಲ್ಲಿ ಅದೂ ಒಂದು. ಬೇಸಿಗೇಲಿ ನೀರು ತೀರಾ ಇಳಿದ್ರೆ ಹಳೇ ಮಡೆನೂರು ಅಣೆಕಟ್ಟು ತಲೆ ಎತ್ತುತ್ತೆ. ಅಜ್ಜನ ಮನೆ ಪಾಯ ಕಾಣೋದಿಲ್ಲ. ಅದಕ್ಕೇ ಅಜ್ಜ ಬರೆದಿಟ್ಟಿದ್ರು: ಯಾರ ಮನೆ ಎಲ್ಲಿತ್ತು, ಯಾವ ಗದ್ದೆಗೆ ಏನಂತಿದ್ರು, ದೋಣಿ ಎಲ್ಲಿ ಕಟ್ತಿದ್ರು. ಸಾಗರದ ಡಿಟಿಪಿ ಅಂಗಡೀಲಿ ಟೈಪ್ ಮಾಡಿಸಿ ಸಿಡಿಗೆ ಹಾಕಿಸಿದ್ರು. ನೋಟ್‌ಬುಕ್ಕನ್ನ ಆಮೇಲೆ ಗೆದ್ದಲು ತಿಂತು. ಅಜ್ಜ ಹೋಗಿ ಒಂಬತ್ತು ವರ್ಷ ಆಯ್ತು.

ಹೋದ ವರ್ಷ ಸಿಡಿ ಓಪನ್ ಮಾಡಿದ್ವಿ. ಫೈಲ್ ಇದೆ. ಅಕ್ಷರ ಇಲ್ಲ. "ಕನ್ನಡ" ಅಂತ ಇರಬೇಕಾದ ಕಡೆ ಇಂಗ್ಲಿಷಿನ ಪಿ, ತಲೆ ಮೇಲೆ ಗೆರೆ ಇರೋ ಎ, ಪೌಂಡ್ ಚಿಹ್ನೆ. ಅತ್ತೆ ಸುಮ್ನೆ ಎದ್ದು ಒಳಗೆ ಹೋದ್ರು.

ಆಗಿದ್ದು ಇಷ್ಟು. ಆಗಿನ ಫಾಂಟುಗಳು ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸ್ತಿದ್ವು. ಫೈಲ್ ಒಳಗೆ ನಿಜವಾಗಿ ಇರೋದು ಇಂಗ್ಲಿಷ್ ಸಂಕೇತ. ಅದೇ ಫಾಂಟ್ ಇದ್ರೆ ಕನ್ನಡ, ಇಲ್ದಿದ್ರೆ ಕಸ. ಆ ಕಾಲದಲ್ಲಿ ಅದೇ ದಾರಿ, ಬೈಯೋಕೆ ಆಗಲ್ಲ. ನುಡಿ, ಬರಹ ಇಲ್ದೇ ಇದ್ದಿದ್ರೆ ಕಂಪ್ಯೂಟರಲ್ಲಿ ಕನ್ನಡಾನೇ ಇರ್ತಿರಲಿಲ್ಲ. ಈಗಿನ ಯೂನಿಕೋಡಲ್ಲಿ ಕ ಅಂದ್ರೆ ಕ, ಯಾವ ಫೋನಲ್ಲಿ ತೆರೆದ್ರೂ. ನೀವು ಈ ಪೋಸ್ಟ್ ಓದ್ತಿರೋದೂ ಅದರಿಂದಲೇ.

ಹಳೇದನ್ನ ಯೂನಿಕೋಡಿಗೆ ತಿರುಗಿಸೋ ಉಚಿತ ಪರಿವರ್ತಕಗಳು ಇದಾವೆ. ಕನ್ನಡದ ಮೇಲಿನ ಪ್ರೀತಿಗೆ ಯಾರ್ಯಾರೋ ಕೂತು ಬರೆದಿದ್ದು. ಅದರಲ್ಲಿ ಹಾಕಿದ್ವಿ. ಒತ್ತಕ್ಷರ ಕೆಲವು ಕಡೆ ತಪ್ಪಿದ್ವು. ಅತ್ತೆ ಪಕ್ಕ ಕೂತು ಒಂದೊಂದೇ ಗದ್ದೆ ಹೆಸರು ಹೇಳಿದ್ರು, ನಾನು ತಿದ್ದಿದೆ. ಹದಿನೈದು ದಿನ ಬೇಕಾಯ್ತು. ಈಗ 58 ಪುಟ, ಮೂರು ಕಡೆ ಕಾಪಿ, ಒಂದು ಪ್ರಿಂಟು.

ನನಗೆ ಟೆಕ್ ಹುಚ್ಚು ಯಾಕೆ ಅಂತ ಕೇಳೋರಿಗೆ ನನ್ನ ಉತ್ತರ ಈ 58 ಪುಟ. ಬೆಂಚ್‌ಮಾರ್ಕ್ ನಂಬರ್ ಎಲ್ಲಾ ಆಮೇಲಿಂದು.

(8/8)
ಕೊನೇ ಪೋಸ್ಟು. ಸೇವ್ ಮಾಡ್ಕೊಳ್ಳಿ.

👉 ಲ್ಯಾಪ್‌ಟಾಪ್ ತಗೊಳ್ಳೋ ಮುಂಚೆ ಸೀನಿಯರ್ ಹತ್ರ ಸಿಲಬಸ್ ಕೇಳಿ, ಆಮೇಲೆ ಸ್ಪೆಕ್ಸ್ ನೋಡಿ. ಮನೇಲಿ ಹಳೇದು ಇದ್ರೆ ಮೊದಲು ಎಸ್‌ಎಸ್‌ಡಿ ಹಾಕಿ ನೋಡಿ. ಸಾಲ ಆಮೇಲೂ ಸಿಗುತ್ತೆ.

👉 ಪ್ರಾಜೆಕ್ಟ್ ರಿಪೋರ್ಟನ್ನ ಪಿಡಿಎಫ್ ಆಗೂ ಇಟ್ಕೊಳ್ಳಿ. ಒಂದೇ ಸಾಫ್ಟ್‌ವೇರಲ್ಲಿ ಮಾತ್ರ ತೆರೆಯೋ ಫೈಲು ಅಂದ್ರೆ ಕೀಲಿಕೈ ಇನ್ನೊಬ್ಬರ ಹತ್ರ ಇರೋ ಪೆಟ್ಟಿಗೆ.

👉 ಕನ್ನಡ ಯೂನಿಕೋಡಲ್ಲೇ ಟೈಪ್ ಮಾಡಿ. ಯಾವ ಆಫೀಸಿನವರಾದ್ರೂ ಹಳೇ ಫಾಂಟಲ್ಲೇ ಕೊಡಿ ಅಂದ್ರೆ ಕೊಡಿ, ನಿಮ್ಮ ಕಾಪಿ ಮಾತ್ರ ಯೂನಿಕೋಡಲ್ಲಿ ಇರಲಿ.

👉 ವರ್ಷಕ್ಕೆ ಒಂದಾದ್ರೂ ನೆಟ್ ಇಲ್ದೇ ಓಡೋ ಗೇಮ್ ತಗೊಳ್ಳಿ. ಮುಂದೆ ತಂಗಿಗೋ ತಮ್ಮನಿಗೋ ಕೊಡೋಕೆ ಆಗೋ ಅಂಥದ್ದು.

👉 ಮನೇಲಿ ಹಿರಿಯರ ಹಳೇ ಸಿಡಿ, ಪೆನ್‌ಡ್ರೈವ್, ಸತ್ತ ಫೋನ್ ಇದ್ರೆ ಈ ಭಾನುವಾರವೇ ಹೊರಗೆ ತೆಗೀರಿ. ಸಿಡಿಗೂ ಆಯಸ್ಸು ಅಂತ ಒಂದಿದೆ. ಸಿಡಿ ಡ್ರೈವ್ ಇಲ್ಲ ಅಂದ್ರೆ ಕಾಲೇಜ್ ಗೇಟ್ ಹತ್ರ ಸಿಗಿ, ನನ್ನ ಬ್ಯಾಗಲ್ಲಿ ಯುಎಸ್‌ಬಿದು ಒಂದು ಇರುತ್ತೆ. ಒತ್ತಕ್ಷರ ತಿದ್ದೋಕೂ ಕೂರ್ತೀನಿ, ಚಹಾ ನಿಮ್ಮದು.

ನಿಮ್ಮ ಮನೇಲಿ ಎಲ್ಲಕ್ಕಿಂತ ಹಳೇ ಫೈಲ್ ಯಾವುದು, ಅದು ಇನ್ನೂ ತೆರೆಯುತ್ತಾ? ಕಾಮೆಂಟಲ್ಲಿ ಹಾಕಿ. ತೆರೆಯಲ್ಲ ಅಂದ್ರೆ ಖಂಡಿತಾ ಹಾಕಿ.

#ಕನ್ನಡಟೆಕ್ #ಹಳೇಲ್ಯಾಪ್‌ಟಾಪ್ #ಲಿನಕ್ಸ್ #ಕನ್ನಡಗೇಮರ್ಸ್ #ಯೂನಿಕೋಡ್ #ನಮ್ಮಸಾಗರ